ಫ್ಲಟರ್ ಆ್ಯಪ್‌ನಿಂದ ಫೋನಿನ ನೇಟಿವ್ ಕೋಡ್ ಕರೆಯುವುದು ಹೇಗೆ: ಫೋನಿನ ಬಿಸಿ ತಿಳಿಯುವ ಒಂದು ಉದಾಹರಣೆ

ಆಂಡ್ರಾಯ್ಡ್ ಮತ್ತು ಐಫೋನ್ ಎರಡಕ್ಕೂ ಒಂದೇ ಕೋಡ್ ಬರೆದು ಆ್ಯಪ್ ಕಟ್ಟುವ ಅನುಕೂಲವನ್ನು ಫ್ಲಟರ್ ಒದಗಿಸುತ್ತದೆ. ಪರದೆಯ ಮೇಲಿನ ಬಟನ್, ಅಕ್ಷರ, ಪಟ್ಟಿಗಳನ್ನೆಲ್ಲ ಅದು ತನ್ನ ಎಂಜಿನ್ ಮೂಲಕ ತಾನೇ ಚಿತ್ರಿಸುವುದರಿಂದ ಆ ಮಟ್ಟಿಗೆ ಫೋನಿನ ಆಪರೇಟಿಂಗ್ ಸಿಸ್ಟಮ್‌ನ ಹಂಗು ಕಡಿಮೆ. ಆದರೆ ಸೆನ್ಸರ್, ಬ್ಲೂಟೂತ್, ಬ್ಯಾಟರಿ, ಸಿಮ್ ಇವೆಲ್ಲ ಸಿಸ್ಟಮ್‌ನ ಸುಪರ್ದಿಯಲ್ಲಿವೆ. ಆಂಡ್ರಾಯ್ಡ್‌ನಲ್ಲಿ ಅವುಗಳನ್ನು ತಲುಪಲು ಕಾಟ್ಲಿನ್ ಅಥವಾ ಜಾವಾ ಬೇಕು, ಐಒಎಸ್‌ನಲ್ಲಿ ಸ್ವಿಫ್ಟ್ ಅಥವಾ ಆಬ್ಜೆಕ್ಟಿವ್-ಸಿ ಬೇಕು. ಹೀಗೆ ಆಯಾ ಸಿಸ್ಟಮ್‌ನ ಸ್ವಂತ ಭಾಷೆಯಲ್ಲಿ ಬರೆದದ್ದೇ ನೇಟಿವ್ ಕೋಡ್. ಡಾರ್ಟ್ ಭಾಷೆಯಲ್ಲಿ ಬರೆದ ಫ್ಲಟರ್ ಕೋಡ್ ಇವುಗಳೊಂದಿಗೆ ಮಾತನಾಡಲು ಇರುವ ಮುಖ್ಯ ದಾರಿಯೇ ಪ್ಲಾಟ್‌ಫಾರ್ಮ್ ಚಾನೆಲ್. ಚಾನೆಲ್ ತೆರೆಯುವ ಕೆಲಸ ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಎರಡೂ ಕಡೆಯವರು ಏನು ಕೇಳಬೇಕು, ಏನು ಉತ್ತರಿಸಬೇಕು ಎಂಬುದನ್ನು ಸರಿಯಾಗಿ ಗೊತ್ತುಮಾಡಿಕೊಳ್ಳುವುದೇ ನಿಜವಾದ ಕೆಲಸ. ಈ ಬರಹದಲ್ಲಿ ಹೆಚ್ಚಿನ ಜಾಗವನ್ನು ಅದಕ್ಕೇ ಕೊಟ್ಟಿದ್ದೇನೆ.

ಉದಾಹರಣೆಗೆ ಫೋನಿನ ಬಿಸಿಯನ್ನು ತೆಗೆದುಕೊಳ್ಳೋಣ. ಹೊಲದಲ್ಲಿ ನಿಂತು ಒಂದೇ ಸಮನೆ ಫೋಟೊ ಮತ್ತು ವಿಡಿಯೊ ತೆಗೆಯುವ ಆ್ಯಪ್ ಒಂದಿದೆ ಎಂದುಕೊಳ್ಳಿ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುವ ಬಿಸಿಲಿನಲ್ಲಿ ಕ್ಯಾಮೆರಾ, ಜಿಪಿಎಸ್, ಪೂರ್ತಿ ಬೆಳಕಿನ ಪರದೆ ಮೂರೂ ಒಟ್ಟಿಗೆ ನಡೆದರೆ ಫೋನ್ ಬೇಗ ಕಾಯುತ್ತದೆ. ಆಗ ಸಿಸ್ಟಮ್ ತನ್ನಷ್ಟಕ್ಕೆ ಪ್ರೊಸೆಸರ್ ವೇಗವನ್ನು ತಗ್ಗಿಸುತ್ತದೆ, ಪರದೆಯನ್ನು ಮಂಕಾಗಿಸುತ್ತದೆ. ಬಳಸುವವರಿಗೆ ಮಾತ್ರ ಆ್ಯಪ್ಪೇ ಕೆಟ್ಟಿದೆ ಎಂಬ ಭಾವನೆ ಬರುತ್ತದೆ. ಬಿಸಿ ಏರುತ್ತಿರುವುದು ಮೊದಲೇ ತಿಳಿದರೆ ಆ್ಯಪ್ ತಾನೇ ವಿಡಿಯೊ ಗುಣಮಟ್ಟವನ್ನು ಇಳಿಸಿ, ಅಪ್‌ಲೋಡನ್ನು ಮುಂದೂಡಿ ನಿಭಾಯಿಸಬಹುದು. 2019ರಲ್ಲಿ ಬಂದ ಆಂಡ್ರಾಯ್ಡ್ 10 ಮತ್ತು 2017ರಲ್ಲಿ ಬಂದ ಐಒಎಸ್ 11 ಈ ಮಾಹಿತಿಯನ್ನು ಆ್ಯಪ್‌ಗಳಿಗೆ ನೀಡುತ್ತವೆ. ಡಾರ್ಟ್‌ನ ಮೂಲ ಗ್ರಂಥಾಲಯದಲ್ಲಿ ಇದಕ್ಕೆ ವ್ಯವಸ್ಥೆಯಿಲ್ಲ. ಬಳಕೆದಾರರ ಅನುಮತಿಯನ್ನೂ ಬೇಡದ ಈ ಸಣ್ಣ ಕೆಲಸದಲ್ಲಿ ನೇಟಿವ್ ಕೋಡಿನ ಬಹುತೇಕ ಎಲ್ಲ ತೊಡಕುಗಳೂ ಎದುರಾಗುತ್ತವೆ, ಕಲಿಯಲು ಅದೇ ಅನುಕೂಲ.

ಕ್ಲಾಸ್ ಮತ್ತು ಫಂಕ್ಷನ್‌ಗಳ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಎಡಿಟರ್‌ನಲ್ಲಿ ಮೊದಲ ಕೆಲವು ಅಕ್ಷರಗಳನ್ನು ಟೈಪ್ ಮಾಡಿದರೆ ಸರಿಯಾದ ರೂಪ ತಾನಾಗಿ ಬರುತ್ತದೆ.

ಬರೆಯುವ ಮೊದಲು

ಮೊದಲು ಫ್ಲಟರ್ ಪ್ಯಾಕೇಜ್‌ಗಳು ಸಿಗುವ ಪಬ್ ಡಾಟ್ ಡೆವ್ ತಾಣದಲ್ಲಿ ಬೇಕಾದ ಪ್ಲಗಿನ್, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಈಗಾಗಲೇ ಇದೆಯೇ ಎಂದು ಹುಡುಕಬೇಕು. ಕ್ಯಾಮೆರಾ, ಸ್ಥಳ, ಬ್ಯಾಟರಿಯಂಥ ಸಾಮಾನ್ಯ ಅಗತ್ಯಗಳಿಗೆ ಒಳ್ಳೆಯ ಪ್ಲಗಿನ್‌ಗಳಿರುವಾಗ ಹೊಸದಾಗಿ ಬರೆಯುವುದು ವ್ಯರ್ಥ ಶ್ರಮ. ಆದರೆ ಪ್ಲಗಿನ್ ಸಿಕ್ಕ ಕೂಡಲೇ ಸೇರಿಸಿಕೊಳ್ಳದೆ ಅದರ ಆಂಡ್ರಾಯ್ಡ್ ಮತ್ತು ಐಒಎಸ್ ಫೋಲ್ಡರ್‌ಗಳನ್ನು ತೆರೆದು ಒಳಗಿನ ಕೋಡನ್ನು ಒಮ್ಮೆ ಓದುವುದು ಒಳ್ಳೆಯದು. ಎಷ್ಟೋ ಸಲ ಅದು ಪುಟ ಎರಡು ಪುಟದಷ್ಟೇ ಇರುತ್ತದೆ. ನಮಗೆ ಬೇಕಾಗಿರುವುದು ಒಂದೆರಡು ಫಂಕ್ಷನ್ ಮಾತ್ರವಾಗಿದ್ದು, ಪ್ಲಗಿನ್ ಬಹುಕಾಲದಿಂದ ನವೀಕರಣ ಕಂಡಿಲ್ಲವಾದರೆ, ಅಷ್ಟನ್ನು ನಾವೇ ಬರೆದುಕೊಳ್ಳುವುದು ಮುಂದಿನ ದಿನಗಳಿಗೆ ಕ್ಷೇಮ.

ಒಪ್ಪಂದ ಮೊದಲು, ಕೋಡ್ ನಂತರ

ಎರಡು ಸಿಸ್ಟಮ್‌ಗಳು ಒಂದೇ ಸಂಗತಿಯನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತವೆ. ಆಂಡ್ರಾಯ್ಡ್‌ನ ಪವರ್‌ಮ್ಯಾನೇಜರ್ ಕ್ಲಾಸ್ ಬಿಸಿಯನ್ನು 0ಯಿಂದ 6ರವರೆಗೆ ಏಳು ಹಂತಗಳಲ್ಲಿ ತಿಳಿಸುತ್ತದೆ: ನನ್, ಲೈಟ್, ಮಾಡರೇಟ್, ಸಿವಿಯರ್, ಕ್ರಿಟಿಕಲ್, ಎಮರ್ಜೆನ್ಸಿ, ಶಟ್‌ಡೌನ್. ಐಒಎಸ್‌ನ ಪ್ರೋಸೆಸ್‌ಇನ್ಫೊ ಕ್ಲಾಸಿನ ಥರ್ಮಲ್‌ಸ್ಟೇಟ್ ನಾಲ್ಕೇ ಹಂತಗಳಲ್ಲಿ ಹೇಳುತ್ತದೆ: ನಾಮಿನಲ್, ಫೇರ್, ಸೀರಿಯಸ್, ಕ್ರಿಟಿಕಲ್, ಇವುಗಳ ಸಂಖ್ಯೆ 0ಯಿಂದ 3. ಈಗ ಎರಡೂ ಕಡೆಯ ಸಂಖ್ಯೆಯನ್ನು ಹಾಗೆಯೇ ಡಾರ್ಟ್‌ಗೆ ರವಾನಿಸಿದರೆ ಏನಾಗುತ್ತದೆ ನೋಡಿ. ಆಂಡ್ರಾಯ್ಡ್‌ನ 2 ಎಂದರೆ ಬಳಕೆಗೆ ಹೆಚ್ಚೇನೂ ತೊಂದರೆಯಿಲ್ಲದ ಮಧ್ಯಮ ಬಿಸಿ, ಐಒಎಸ್‌ನ 2 ಎಂದರೆ ಆ್ಯಪ್ ಕೂಡಲೇ ತನ್ನ ಕೆಲಸ ತಗ್ಗಿಸಬೇಕಾದ ಸ್ಥಿತಿ. ಸಂಖ್ಯೆ ಒಂದೇ ಆದರೂ ಅರ್ಥ ಬೇರೆ. ಇದನ್ನು ಡಾರ್ಟ್ ಕಡೆಯಲ್ಲಿ ಬಿಡಿಸಲು ಹೊರಟರೆ ಅಲ್ಲಿ ‘ಆಂಡ್ರಾಯ್ಡ್ ಆಗಿದ್ದರೆ ಹೀಗೆ, ಐಒಎಸ್ ಆಗಿದ್ದರೆ ಹಾಗೆ’ ಎಂಬ ಷರತ್ತುಗಳು ತುಂಬಿಕೊಳ್ಳುತ್ತವೆ, ಒಂದೇ ಕೋಡ್ ಬರೆಯುವ ಉದ್ದೇಶವೇ ಅಲ್ಲಿಗೆ ಮುಗಿಯಿತು.

ಆದ್ದರಿಂದ ಆ್ಯಪ್‌ಗೆ ಬೇಕಾದ ಹಂತಗಳನ್ನು ನಾವೇ ಹೆಸರಿಸಿಕೊಳ್ಳಬೇಕು. ಇಲ್ಲಿ ‘ಸಾಮಾನ್ಯ’, ‘ಬೆಚ್ಚಗೆ’, ‘ಬಿಸಿ’, ‘ಅಪಾಯ’ ಎಂಬ ನಾಲ್ಕು ಸಾಕು. ಆಂಡ್ರಾಯ್ಡ್ ಕಡೆಯಲ್ಲಿ 0 ಸಾಮಾನ್ಯ, 1 ಮತ್ತು 2 ಬೆಚ್ಚಗೆ, 3 ಬಿಸಿ, 4 ಮತ್ತು ಅದಕ್ಕೂ ಮೇಲಿನದೆಲ್ಲ ಅಪಾಯ. ಐಒಎಸ್ ಕಡೆಯಲ್ಲಿ ನಾಲ್ಕಕ್ಕೆ ನಾಲ್ಕು ನೇರವಾಗಿ ಹೊಂದುತ್ತವೆ. ಈ ಪರಿವರ್ತನೆ ಆಯಾ ನೇಟಿವ್ ಕೋಡಿನಲ್ಲೇ ಆಗಬೇಕು, ಏಕೆಂದರೆ ತನ್ನ ಸಿಸ್ಟಮ್‌ನ ಸಂಖ್ಯೆಗೆ ಏನರ್ಥ ಎಂಬುದು ಗೊತ್ತಿರುವುದು ಅದಕ್ಕೇ. ಚಾನೆಲ್ ಮೂಲಕ ಸಂಖ್ಯೆಯ ಬದಲು ಪದವನ್ನೇ ಕಳುಹಿಸಿದರೆ ಲಾಗ್ ಓದುವಾಗಲೂ ಗೊಂದಲವಿರುವುದಿಲ್ಲ.

ಐದನೆಯ ಉತ್ತರವೊಂದು ಬೇಕೇ ಬೇಕು, ಅದು ‘ಗೊತ್ತಿಲ್ಲ’. ಆಂಡ್ರಾಯ್ಡ್ 10ಕ್ಕಿಂತ ಹಳೆಯ ಫೋನುಗಳು ಈ ಮಾಹಿತಿಯನ್ನು ಕೊಡುವುದೇ ಇಲ್ಲ. ಅಂಥಲ್ಲಿ ‘ಸಾಮಾನ್ಯ’ ಎಂದು ಉತ್ತರಿಸುವುದು ಸುಲಭವೆನಿಸಿದರೂ ಅದು ಸುಳ್ಳು. ‘ಗೊತ್ತಿಲ್ಲ’ ಎಂದು ಬಂದರೆ ವಿಡಿಯೊ ಉದ್ದಕ್ಕೆ ಮಿತಿ ಹಾಕುವಂಥ ಬೇರೊಂದು ಎಚ್ಚರಿಕೆಯ ಕ್ರಮವನ್ನು ಡಾರ್ಟ್ ಕಡೆಯಲ್ಲಿ ಕೈಗೊಳ್ಳಬಹುದು. ಇನ್ನೊಂದು ಆಕರ್ಷಣೆಯಿಂದಲೂ ದೂರವಿರಬೇಕು. ಆಂಡ್ರಾಯ್ಡ್ 11ರಿಂದ ಮುಂದಿನ ಕೆಲವು ಸೆಕೆಂಡುಗಳ ಬಿಸಿಯನ್ನು ಅಂದಾಜಿಸುವ ಗೆಟ್‌ಥರ್ಮಲ್‌ಹೆಡ್‌ರೂಮ್ ಎಂಬ ಸೌಲಭ್ಯವಿದೆ. ಐಒಎಸ್‌ನ ಥರ್ಮಲ್‌ಸ್ಟೇಟ್‌ನಲ್ಲಿ ಅಂಥ ಮುನ್ಸೂಚನೆಯಿಲ್ಲ. ಒಂದು ಕಡೆ ಇದೆ ಎಂಬ ಕಾರಣಕ್ಕೆ ಅದನ್ನು ಒಪ್ಪಂದಕ್ಕೆ ಸೇರಿಸಿದರೆ ಇನ್ನೊಂದು ಕಡೆಗೆ ಸುಳ್ಳು ಉತ್ತರ ಹೊಸೆಯಬೇಕಾಗುತ್ತದೆ.

ಹೀಗೆ ನಮ್ಮ ಒಪ್ಪಂದದಲ್ಲಿ ಎರಡೇ ಅಂಶಗಳು ಉಳಿಯುತ್ತವೆ. ಒಂದು, ಈಗಿನ ಸ್ಥಿತಿ ಏನು ಎಂಬ ಒಂಟಿ ಪ್ರಶ್ನೆ. ಇನ್ನೊಂದು, ಸ್ಥಿತಿ ಬದಲಾದಾಗಲೆಲ್ಲ ತಿಳಿಸುತ್ತಿರು ಎಂಬ ಕೋರಿಕೆ. ಮೊದಲನೆಯದಕ್ಕೆ ಮೆಥಡ್‌ಚಾನೆಲ್, ಎರಡನೆಯದಕ್ಕೆ ಈವೆಂಟ್‌ಚಾನೆಲ್.

ಡಾರ್ಟ್ ಕಡೆಯ ಕೆಲಸ

ಚಾನೆಲ್‌ಗೆ ಒಂದು ಹೆಸರು ಬೇಕು, ಅದು ಬರಿಯ ಅಕ್ಷರಗಳ ಸಾಲು. ಇಡೀ ಆ್ಯಪ್‌ನಲ್ಲಿ ಅದೇ ಹೆಸರಿನ ಇನ್ನೊಂದು ಚಾನೆಲ್ ಇರಬಾರದಾದ್ದರಿಂದ ಆ್ಯಪ್‌ನ ಪ್ಯಾಕೇಜ್ ಹೆಸರನ್ನು ಮುಂದಿಟ್ಟು, ಓರೆಗೆರೆ ಹಾಕಿ, ನಂತರ ವಿಷಯದ ಹೆಸರನ್ನು ಸೇರಿಸುವುದು ವಾಡಿಕೆ. ಮೂರೂ ಕಡೆ, ಅಂದರೆ ಡಾರ್ಟ್, ಕಾಟ್ಲಿನ್, ಸ್ವಿಫ್ಟ್‌ನಲ್ಲಿ, ಈ ಹೆಸರು ಅಕ್ಷರಕ್ಕೆ ಅಕ್ಷರ ಒಂದೇ ಆಗಿರಬೇಕು. ಒಂದು ಅಕ್ಷರ ತಪ್ಪಿದರೂ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ಆ್ಯಪ್ ನಡೆಯುವಾಗ ಮಾತ್ರ ಮಿಸ್ಸಿಂಗ್‌ಪ್ಲಗಿನ್‌ಎಕ್ಸೆಪ್ಶನ್ ಎಂಬ ದೋಷ ಕಾಣಿಸಿಕೊಳ್ಳುತ್ತದೆ.

ಬಿಸಿಗೆ ಸಂಬಂಧಿಸಿದ ಎಲ್ಲ ಕೋಡನ್ನೂ ಡಾರ್ಟ್‌ನಲ್ಲಿ ಒಂದೇ ಕ್ಲಾಸಿನಲ್ಲಿ ಇಟ್ಟು, ಚಾನೆಲ್‌ಗಳನ್ನು ಅದರ ಖಾಸಗಿ ಸದಸ್ಯರನ್ನಾಗಿ ಮಾಡಬೇಕು. ಹೊರಗಿನ ಕೋಡಿಗೆ ಕಾಣುವುದು ನಮ್ಮ ಐದು ಹಂತಗಳ ಎನಮ್ (ಹೆಸರಿಟ್ಟ ಆಯ್ಕೆಗಳ ಪಟ್ಟಿ), ಈಗಿನ ಸ್ಥಿತಿ ಕೊಡುವ ಒಂದು ಫಂಕ್ಷನ್, ಬದಲಾವಣೆ ತಿಳಿಸುವ ಒಂದು ಸ್ಟ್ರೀಮ್ ಇಷ್ಟೇ. ಒಳಗೆ ಇನ್ವೋಕ್‌ಮೆಥಡ್ ಎಂಬ ಫಂಕ್ಷನ್‌ಗೆ ಕೇಳಬೇಕಾದ ಕೆಲಸದ ಹೆಸರನ್ನು ಕೊಟ್ಟು, ಅದು ಹಿಂದಿರುಗಿಸುವ ಫ್ಯೂಚರ್‌ಗಾಗಿ, ಅಂದರೆ ಮುಂದೆ ಬರಲಿರುವ ಉತ್ತರಕ್ಕಾಗಿ, ಅವೇಟ್ ಮಾಡಬೇಕು. ಉತ್ತರವಾಗಿ ಬರುವ ಪದ ನಲ್ ಕೂಡ ಆಗಿರಬಹುದು ಎಂದೇ ಭಾವಿಸಿ, ನಲ್ ಆಗಲಿ ಗುರುತಿಲ್ಲದ ಪದವಾಗಲಿ ಬಂದರೆ ‘ಗೊತ್ತಿಲ್ಲ’ ಎಂದು ತಿರುಗಿಸಬೇಕು.

ಈ ಕರೆಯನ್ನು ಟ್ರೈ-ಕ್ಯಾಚ್ ಒಳಗಿಟ್ಟು ಎರಡು ದೋಷಗಳನ್ನು ಬೇರೆ ಬೇರೆಯಾಗಿ ಹಿಡಿಯಬೇಕು. ಪ್ಲಾಟ್‌ಫಾರ್ಮ್‌ಎಕ್ಸೆಪ್ಶನ್ ಎಂದರೆ ನೇಟಿವ್ ಕಡೆ ಕರೆಯನ್ನು ಕೇಳಿಸಿಕೊಂಡಿತು, ಆದರೆ ಕೆಲಸ ಕೆಟ್ಟಿತು ಎಂದರ್ಥ. ಅದರೊಂದಿಗೆ ಕೋಡ್, ಸಂದೇಶ, ವಿವರ ಮೂರೂ ಬರುತ್ತವೆ. ಮಿಸ್ಸಿಂಗ್‌ಪ್ಲಗಿನ್‌ಎಕ್ಸೆಪ್ಶನ್ ಎಂದರೆ ಆ ತುದಿಯಲ್ಲಿ ಕೇಳಿಸಿಕೊಳ್ಳುವವರೇ ಇಲ್ಲ, ಅಥವಾ ಆ ಹೆಸರಿನ ಕೆಲಸ ತನಗೆ ತಿಳಿಯದೆಂದು ನೇಟಿವ್ ಕಡೆ ಹೇಳಿದೆ ಎಂದರ್ಥ. ಇದನ್ನು ಪರೀಕ್ಷಾ ಹಂತದಲ್ಲಿ ನುಂಗಿಹಾಕದೆ ಗಟ್ಟಿಯಾಗಿ ತೋರಿಸುವುದೇ ಸರಿ. ಇನ್ನು ರನ್‌ಆ್ಯಪ್ ಕರೆಯುವುದಕ್ಕಿಂತ ಮೊದಲೇ ಚಾನೆಲ್ ಬಳಸಬೇಕಾದರೆ ವಿಜೆಟ್ಸ್‌ಫ್ಲಟರ್‌ಬೈಂಡಿಂಗ್‌ನ ಎನ್‌ಶೂರ್‌ಇನಿಶಿಯಲೈಸ್ಡ್ ಅನ್ನು ಮುಂಚಿತವಾಗಿ ಕರೆದಿರಬೇಕು.

ಆಂಡ್ರಾಯ್ಡ್ ಕಡೆಯ ಕೆಲಸ

ಪ್ರಾಜೆಕ್ಟಿನ ಆಂಡ್ರಾಯ್ಡ್ ಫೋಲ್ಡರ್‌ನಲ್ಲಿರುವ ಮೇನ್‌ಆ್ಯಕ್ಟಿವಿಟಿ ಕ್ಲಾಸಿನಲ್ಲಿ ಕಾನ್ಫಿಗರ್‌ಫ್ಲಟರ್‌ಎಂಜಿನ್ ಎಂಬ ಫಂಕ್ಷನನ್ನು ಓವರ್‌ರೈಡ್ ಮಾಡಬೇಕು. ಅದರ ಮೊದಲ ಸಾಲಿನಲ್ಲೇ ಸೂಪರ್‌ನ ಅದೇ ಫಂಕ್ಷನನ್ನು ಕರೆಯುವುದನ್ನು ಮರೆಯಬಾರದು. ಮರೆತರೆ ಆ್ಯಪ್‌ನ ಉಳಿದ ಪ್ಲಗಿನ್‌ಗಳು ನೋಂದಣಿಯಾಗದೆ, ನಾವು ಮುಟ್ಟದ ಕಡೆಯೆಲ್ಲ ಮಿಸ್ಸಿಂಗ್‌ಪ್ಲಗಿನ್ ದೋಷ ಬರತೊಡಗುತ್ತದೆ ಮತ್ತು ಕಾರಣ ಹುಡುಕುವುದು ಕಷ್ಟವಾಗುತ್ತದೆ. ನಂತರ ಎಂಜಿನ್‌ನ ಡಾರ್ಟ್‌ಎಕ್ಸಿಕ್ಯೂಟರ್‌ನಿಂದ ಸಂದೇಶ ಸಾಗಿಸುವ ಬೈನರಿಮೆಸೆಂಜರ್ ಪಡೆದು, ಅದೇ ಹೆಸರಿನ ಮೆಥಡ್‌ಚಾನೆಲ್ ರಚಿಸಿ, ಸೆಟ್‌ಮೆಥಡ್‌ಕಾಲ್‌ಹ್ಯಾಂಡ್ಲರ್ ಮೂಲಕ ಬಂದ ಕರೆಗೆ ಉತ್ತರಿಸುವ ನಮ್ಮ ಹ್ಯಾಂಡ್ಲರನ್ನು ಕೂರಿಸಬೇಕು.

ಹ್ಯಾಂಡ್ಲರ್‌ಗೆ ಕಾಲ್ ಮತ್ತು ರಿಸಲ್ಟ್ ಎಂಬ ಎರಡು ವಸ್ತುಗಳು ಬರುತ್ತವೆ. ಕಾಲ್‌ನ ಮೆಥಡ್ ಹೆಸರನ್ನು ನೋಡಿ ವೆನ್ ಹೇಳಿಕೆಯಲ್ಲಿ ಕವಲೊಡೆಯಬೇಕು. ನಮ್ಮ ಕೆಲಸದ ಹೆಸರು ಬಂದರೆ, ಮೊದಲು ಫೋನಿನ ಎಸ್‌ಡಿಕೆ ಆವೃತ್ತಿ 29 ಅಥವಾ ಅದಕ್ಕಿಂತ ಹೆಚ್ಚೇ ಎಂದು ಪರೀಕ್ಷಿಸಬೇಕು. ಆಂಡ್ರಾಯ್ಡ್ 10ರ ಸಂಖ್ಯೆ ಅದು. ಕಡಿಮೆಯಿದ್ದರೆ ‘ಗೊತ್ತಿಲ್ಲ’ ಎಂದು ಉತ್ತರಿಸಿ ಮುಗಿಸಬೇಕು. ಹೆಚ್ಚಿದ್ದರೆ ಗೆಟ್‌ಸಿಸ್ಟಮ್‌ಸರ್ವಿಸ್ ಮೂಲಕ ಪವರ್‌ಮ್ಯಾನೇಜರ್ ಪಡೆದು, ಕರೆಂಟ್‌ಥರ್ಮಲ್‌ಸ್ಟೇಟಸ್ ಓದಿ, ಮೇಲೆ ಹೇಳಿದಂತೆ ಪದಕ್ಕೆ ಬದಲಿಸಿ, ರಿಸಲ್ಟ್‌ನ ಸಕ್ಸೆಸ್ ಮೂಲಕ ಕಳುಹಿಸಬೇಕು. ಗುರುತಿಲ್ಲದ ಹೆಸರು ಬಂದರೆ ನಾಟ್‌ಇಂಪ್ಲಿಮೆಂಟೆಡ್ ಎಂದು ಉತ್ತರಿಸಬೇಕು.

ಇಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಾದ ನಿಯಮವೆಂದರೆ ಒಂದು ಕರೆಗೆ ಒಂದೇ ಉತ್ತರ, ಆದರೆ ಒಂದು ಉತ್ತರ ಖಂಡಿತ. ಎರಡು ಸಲ ಉತ್ತರಿಸಿದರೆ ಉತ್ತರ ಆಗಲೇ ಸಲ್ಲಿಕೆಯಾಗಿದೆ ಎಂಬ ದೋಷದೊಂದಿಗೆ ಆಂಡ್ರಾಯ್ಡ್‌ನಲ್ಲಿ ಇಲ್ಲೀಗಲ್‌ಸ್ಟೇಟ್‌ಎಕ್ಸೆಪ್ಶನ್ ಏಳುತ್ತದೆ. ಉತ್ತರಿಸದೇ ಬಿಟ್ಟರೆ ಯಾವ ದೋಷವೂ ಬರುವುದಿಲ್ಲ, ಡಾರ್ಟ್ ಕಡೆಯ ಫ್ಯೂಚರ್ ಎಂದಿಗೂ ಮುಗಿಯದೆ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ಎರಡನೆಯದೇ ಹೆಚ್ಚು ಕೆಟ್ಟದ್ದು. ಬ್ಲೂಟೂತ್‌ನಂಥ ನಿಧಾನದ ಕೆಲಸಗಳಲ್ಲಿ ಕಾಲ್‌ಬ್ಯಾಕ್ ಬರದೇ ಹೋಗುವ ಸಾಧ್ಯತೆಯಿರುವುದರಿಂದ ಅಂಥ ಕರೆಗಳಿಗೆ ಡಾರ್ಟ್ ಕಡೆಯಲ್ಲಿ ಟೈಮ್‌ಔಟ್ ಇಡುವುದು ಜಾಣತನ.

ನಮ್ಮ ಉದಾಹರಣೆಯಲ್ಲಿ ಡಾರ್ಟ್‌ನಿಂದ ಮಾಹಿತಿ ಏನೂ ಹೋಗುವುದಿಲ್ಲ, ಆದರೂ ಒಂದು ಮಾತು ಹೇಳಿಬಿಡುತ್ತೇನೆ. ಚಾನೆಲ್ ಮೂಲಕ ದಾಟುವುದು ನಲ್, ಬೂಲ್, ಸಂಖ್ಯೆ, ಸ್ಟ್ರಿಂಗ್, ಬೈಟ್ ಮತ್ತು ಸಂಖ್ಯೆಗಳ ಸಾಲು, ಲಿಸ್ಟ್, ಮ್ಯಾಪ್ ಇಷ್ಟು ಬಗೆಯವು ಮಾತ್ರ. ಡಾರ್ಟ್‌ನ ಇಂಟ್ ಕಾಟ್ಲಿನ್ ತಲುಪುವಾಗ 32 ಬಿಟ್‌ನಲ್ಲಿ ಹಿಡಿಸಿದರೆ ಇಂಟ್ ಆಗುತ್ತದೆ, ಹಿಡಿಸದಿದ್ದರೆ ಲಾಂಗ್ ಆಗುತ್ತದೆ. ಮಿಲಿಸೆಕೆಂಡಿನಲ್ಲಿ ಇಂದಿನ ಸಮಯ ಕಳುಹಿಸಿದರೆ ಲಾಂಗ್ ಬರುತ್ತದೆ. ಅದೇ ಜಾಗದಲ್ಲಿ 5000 ಕಳುಹಿಸಿದರೆ ಇಂಟ್ ಬರುತ್ತದೆ, ಲಾಂಗ್ ಎಂದೇ ನಂಬಿದ ಕೋಡ್ ಆಗ ಬೀಳುತ್ತದೆ. ನಂಬರ್ ಎಂದು ಸ್ವೀಕರಿಸಿ ಟುಲಾಂಗ್ ಮಾಡಿಕೊಂಡರೆ ಈ ತೊಂದರೆಯಿಲ್ಲ. ಹಾಗೆಯೇ ನೇಟಿವ್‌ನಿಂದ ಬರುವ ಲಿಸ್ಟನ್ನು ಡಾರ್ಟ್‌ನಲ್ಲಿ ಸ್ಟ್ರಿಂಗ್‌ಗಳ ಲಿಸ್ಟ್ ಎಂದು ನೇರವಾಗಿ ಇನ್ವೋಕ್‌ಮೆಥಡ್‌ಗೆ ಹೇಳಿದರೆ ಬಗೆ ಹೊಂದದೆ ದೋಷ ಬರುತ್ತದೆ. ಅದಕ್ಕಾಗಿಯೇ ಇನ್ವೋಕ್‌ಲಿಸ್ಟ್‌ಮೆಥಡ್, ಇನ್ವೋಕ್‌ಮ್ಯಾಪ್‌ಮೆಥಡ್ ಎಂಬ ಪ್ರತ್ಯೇಕ ಫಂಕ್ಷನ್‌ಗಳಿವೆ.

ಐಒಎಸ್ ಕಡೆಯ ಕೆಲಸ

ಐಒಎಸ್‌ನಲ್ಲಿ ಇದೇ ಕೆಲಸ ಆ್ಯಪ್‌ಡೆಲಿಗೇಟ್‌ನಲ್ಲಿ ನಡೆಯುತ್ತದೆ. ಹಳೆಯ ಉದಾಹರಣೆಗಳಲ್ಲಿ ವಿಂಡೋದ ರೂಟ್‌ವ್ಯೂಕಂಟ್ರೋಲರ್ ಅನ್ನು ಫ್ಲಟರ್‌ವ್ಯೂಕಂಟ್ರೋಲರ್ ಎಂದು ಬಲವಂತವಾಗಿ ಬದಲಿಸಿ ಅದರಿಂದ ಮೆಸೆಂಜರ್ ಪಡೆಯುವುದನ್ನು ಕಾಣಬಹುದು. ಆ್ಯಪಲ್ ಈಗ ಒತ್ತಾಯಿಸುತ್ತಿರುವ ಸೀನ್ ಆಧಾರಿತ ವ್ಯವಸ್ಥೆಯಲ್ಲಿ ಆ್ಯಪ್ ಆರಂಭವಾಗುವ ಆ ಹೊತ್ತಿಗೆ ವಿಂಡೋ ಇರುವುದೇ ಇಲ್ಲವಾದ್ದರಿಂದ ಆ ದಾರಿಯನ್ನು ಹೊಸದಾಗಿ ಹಿಡಿಯಬಾರದು. ಪ್ಲಗಿನ್‌ಗಳನ್ನು ನೋಂದಾಯಿಸಲು ಫ್ಲಟರ್ ಕೊಡುವ ರಿಜಿಸ್ಟ್ರಾರ್‌ನಿಂದ ಮೆಸೆಂಜರ್ ಪಡೆಯುವುದು ಮೇಲು.

ಮುಂದಿನದು ಕಾಟ್ಲಿನ್‌ನ ಹಾಗೆಯೇ ಇದೆ: ಫ್ಲಟರ್‌ಮೆಥಡ್‌ಚಾನೆಲ್ ರಚಿಸಿ, ಹ್ಯಾಂಡ್ಲರ್‌ನಲ್ಲಿ ಹೆಸರಿನ ಮೇಲೆ ಸ್ವಿಚ್ ಮಾಡಿ, ಪ್ರೋಸೆಸ್‌ಇನ್ಫೊದ ಥರ್ಮಲ್‌ಸ್ಟೇಟ್ ಓದಿ ಪದವನ್ನು ಹಿಂದಿರುಗಿಸಬೇಕು. ಗುರುತಿಲ್ಲದ ಹೆಸರಿಗೆ ಫ್ಲಟರ್‌ಮೆಥಡ್‌ನಾಟ್‌ಇಂಪ್ಲಿಮೆಂಟೆಡ್, ದೋಷಕ್ಕೆ ಫ್ಲಟರ್‌ಎರರ್ ಎಂಬ ವಸ್ತುಗಳನ್ನೇ ಉತ್ತರವಾಗಿ ಕೊಡಬೇಕು. ಸ್ವಿಚ್‌ನಲ್ಲಿ ನಾಲ್ಕು ಹಂತಗಳ ಜೊತೆಗೆ, ಮುಂದೆ ಆ್ಯಪಲ್ ಹೊಸ ಹಂತ ಸೇರಿಸಿದರೂ ಕೆಡದಂತೆ ಅನ್‌ನೋನ್ ಡೀಫಾಲ್ಟ್ ಬರೆದು ಅಲ್ಲಿಂದ ‘ಗೊತ್ತಿಲ್ಲ’ ಕಳುಹಿಸಬೇಕು.

ಎರಡು ಕಡೆಯ ಸ್ವಭಾವದಲ್ಲಿ ಒಂದು ವ್ಯತ್ಯಾಸವನ್ನು ಗಮನದಲ್ಲಿಡಬೇಕು. ಆಂಡ್ರಾಯ್ಡ್‌ನಲ್ಲಿ ಹ್ಯಾಂಡ್ಲರ್ ಒಳಗೆ ನೇರವಾಗಿ ರನ್‌ಟೈಮ್‌ಎಕ್ಸೆಪ್ಶನ್ ಎದ್ದರೆ ಫ್ಲಟರ್ ಅದನ್ನು ಹಿಡಿದು ಡಾರ್ಟ್‌ಗೆ ಪ್ಲಾಟ್‌ಫಾರ್ಮ್‌ಎಕ್ಸೆಪ್ಶನ್ ಆಗಿ ತಲುಪಿಸುತ್ತದೆ. ಸ್ವಿಫ್ಟ್‌ನಲ್ಲಿ ನಿಲ್ ಮೌಲ್ಯವನ್ನು ಬಲವಂತವಾಗಿ ಬಿಚ್ಚಿದರೆ ಇಡೀ ಆ್ಯಪ್ ಬಿದ್ದುಹೋಗುತ್ತದೆ. ಆದ್ದರಿಂದ ಡಾರ್ಟ್‌ನಿಂದ ಬಂದ ಆರ್ಗ್ಯುಮೆಂಟ್‌ಗಳನ್ನು ಸ್ವಿಫ್ಟ್‌ನಲ್ಲಿ ಗಾರ್ಡ್ ಲೆಟ್ ಮೂಲಕವೇ ತೆಗೆದುಕೊಳ್ಳಬೇಕು. ಕ್ಯಾಮೆರಾ, ಮೈಕ್‌ನಂಥ ಅನುಮತಿ ಬೇಕಾದ ಸಂಗತಿಗಳಲ್ಲಿ ಇನ್ಫೊ ಡಾಟ್ ಪಿಲಿಸ್ಟ್ ಕಡತದಲ್ಲಿ ಬಳಕೆಯ ಕಾರಣ ಬರೆದಿರದಿದ್ದರೂ ಐಒಎಸ್ ಆ್ಯಪನ್ನು ಅಲ್ಲಿಯೇ ಮುಗಿಸುತ್ತದೆ.

ಬದಲಾವಣೆಗಳನ್ನು ಹರಿಸುವುದು

ಹತ್ತು ಸೆಕೆಂಡಿಗೊಮ್ಮೆ ಟೈಮರ್ ಇಟ್ಟು ಸ್ಥಿತಿ ಕೇಳುವುದು ಸಾಧ್ಯ, ಆದರೆ ಬಿಸಿ ತಗ್ಗಿಸಲು ಬರೆದ ಕೋಡೇ ಫೋನನ್ನು ಪದೇ ಪದೇ ಎಬ್ಬಿಸುವುದು ಹಾಸ್ಯಾಸ್ಪದ. ಈವೆಂಟ್‌ಚಾನೆಲ್ ಇರುವುದು ಇದಕ್ಕೇ. ನೇಟಿವ್ ಕಡೆಯಲ್ಲಿ ಆನ್‌ಲಿಸನ್ ಮತ್ತು ಆನ್‌ಕ್ಯಾನ್ಸಲ್ ಎಂಬ ಎರಡು ಫಂಕ್ಷನ್‌ಗಳನ್ನು ಬರೆಯಬೇಕು. ಆನ್‌ಲಿಸನ್ ಒಂದು ಸಿಂಕ್ (ಮಾಹಿತಿ ಸುರಿಯುವ ಬಾಯಿ) ಕೊಡುತ್ತದೆ, ಅದರೊಳಗೆ ಹಾಕಿದ್ದೆಲ್ಲ ಡಾರ್ಟ್‌ನ ಸ್ಟ್ರೀಮ್‌ಗೆ ತಲುಪುತ್ತದೆ. ಆಂಡ್ರಾಯ್ಡ್‌ನಲ್ಲಿ ಆಗ ಆ್ಯಡ್‌ಥರ್ಮಲ್‌ಸ್ಟೇಟಸ್‌ಲಿಸನರ್ ಕರೆದು, ಆನ್‌ಕ್ಯಾನ್ಸಲ್‌ನಲ್ಲಿ ಅದೇ ಲಿಸನರನ್ನು ರಿಮೂವ್ ಮಾಡಬೇಕು. ‘ಅದೇ’ ಎಂಬುದಕ್ಕೆ ಒತ್ತು ಕೊಟ್ಟಿದ್ದೇನೆ, ಏಕೆಂದರೆ ಸೇರಿಸುವಾಗ ಒಂದು ಲ್ಯಾಂಬ್ಡಾ, ತೆಗೆಯುವಾಗ ಹೊಸದೊಂದು ಲ್ಯಾಂಬ್ಡಾ ಬರೆದರೆ ಮೊದಲಿನದು ಹಾಗೇ ಉಳಿದುಬಿಡುತ್ತದೆ. ಲಿಸನರನ್ನು ಕ್ಲಾಸಿನ ಫೀಲ್ಡ್‌ನಲ್ಲಿ ಇಟ್ಟುಕೊಳ್ಳಬೇಕು.

ಐಒಎಸ್‌ನಲ್ಲಿ ನೋಟಿಫಿಕೇಶನ್‌ಸೆಂಟರ್‌ಗೆ ಥರ್ಮಲ್‌ಸ್ಟೇಟ್‌ಡಿಡ್‌ಚೇಂಜ್ ಸೂಚನೆಗಾಗಿ ನೋಂದಾಯಿಸಿಕೊಳ್ಳಬೇಕು. ಅದರಲ್ಲಿ ಎರಡು ಸೂಕ್ಷ್ಮಗಳಿವೆ. ನೋಂದಾಯಿಸುವುದಕ್ಕಿಂತ ಮೊದಲು ಥರ್ಮಲ್‌ಸ್ಟೇಟ್‌ನ ಮೌಲ್ಯವನ್ನು ಒಮ್ಮೆಯಾದರೂ ಓದಿರಬೇಕು, ಇಲ್ಲವಾದರೆ ಸೂಚನೆ ಬರುವುದಿಲ್ಲ ಎಂದು ಆ್ಯಪಲ್ ದಾಖಲೆಯೇ ಹೇಳುತ್ತದೆ. ನಾವು ಹೇಗೂ ಆರಂಭದ ಸ್ಥಿತಿಯನ್ನು ಸಿಂಕ್‌ಗೆ ಕಳುಹಿಸಬೇಕಾದ್ದರಿಂದ ಈ ಓದು ತಾನಾಗಿ ಆಗುತ್ತದೆ. ಎರಡನೆಯದು, ಆ ಸೂಚನೆ ಪರದೆಯ ಕೆಲಸ ನಡೆಯುವ ಮುಖ್ಯ ಥ್ರೆಡ್‌ನಲ್ಲಿ ಬಾರದೆ ಗ್ಲೋಬಲ್ ಕ್ಯೂನಲ್ಲಿ ಬರುತ್ತದೆ; ಸಿಂಕ್‌ಗೆ ಹಾಕುವುದು ಮಾತ್ರ ಮುಖ್ಯ ಥ್ರೆಡ್‌ನಿಂದಲೇ ಆಗಬೇಕು. ಆ್ಯಡ್‌ಅಬ್ಸರ್ವರ್ ಕರೆಯುವಾಗ ಕ್ಯೂ ಎಂಬಲ್ಲಿ ಮೇನ್ ಎಂದು ಕೊಟ್ಟರೆ ತೊಂದರೆ ಪರಿಹಾರವಾಗುತ್ತದೆ. ಅದು ಹಿಂದಿರುಗಿಸುವ ಟೋಕನ್ ಇಟ್ಟುಕೊಂಡು ಆನ್‌ಕ್ಯಾನ್ಸಲ್‌ನಲ್ಲಿ ಬಿಡುಗಡೆ ಮಾಡಬೇಕು.

ಡಾರ್ಟ್‌ನಲ್ಲಿ ರಿಸೀವ್‌ಬ್ರಾಡ್‌ಕಾಸ್ಟ್‌ಸ್ಟ್ರೀಮ್ ಎಂಬುದನ್ನು ಒಮ್ಮೆ ಮಾತ್ರ ಕರೆದು ಬಂದ ಸ್ಟ್ರೀಮನ್ನು ಫೀಲ್ಡ್‌ನಲ್ಲಿ ಇರಿಸಿ ಎಲ್ಲರಿಗೂ ಅದನ್ನೇ ಹಂಚಬೇಕು. ಪ್ರತಿ ಪರದೆಯೂ ತಾನೇ ಕರೆದುಕೊಂಡರೆ ಪ್ರತಿ ಸಲವೂ ಹೊಸ ಸ್ಟ್ರೀಮ್ ಹುಟ್ಟಿ, ಚಾನೆಲ್‌ನ ಸ್ವೀಕರಿಸುವ ತುದಿ ಹೊಸಬರ ಪಾಲಾಗುತ್ತದೆ; ಮೊದಲು ಕೇಳುತ್ತಿದ್ದ ಪರದೆಗೆ ಯಾವ ದೋಷವೂ ಇಲ್ಲದೆ ಮೌನ ಆವರಿಸುತ್ತದೆ. ಬ್ರಾಡ್‌ಕಾಸ್ಟ್ ಎಂಬ ಹೆಸರು ನೋಡಿ ಎಷ್ಟು ಬಾರಿ ಕರೆದರೂ ಸರಿ ಎಂದು ಊಹಿಸುವವರೇ ಹೆಚ್ಚು.

ಥ್ರೆಡ್‌ಗಳ ವಿಚಾರ

ಬೇರೆ ಏರ್ಪಾಡು ಮಾಡದಿದ್ದರೆ ಚಾನೆಲ್ ಹ್ಯಾಂಡ್ಲರ್‌ಗಳು ಫೋನಿನ ಮುಖ್ಯ ಥ್ರೆಡ್‌ನಲ್ಲಿ ನಡೆಯುತ್ತವೆ. ಬಿಸಿಯ ಸ್ಥಿತಿ ಓದುವುದು ಚಿಕ್ಕ ಕೆಲಸವಾದ್ದರಿಂದ ಚಿಂತೆಯಿಲ್ಲ. ಆದರೆ ಕಡತ ಓದುವುದು, ಚಿತ್ರ ಕುಗ್ಗಿಸುವುದು, ನೆಟ್‌ವರ್ಕ್ ಕೆಲಸ ಮುಂತಾದವನ್ನು ಅಲ್ಲಿಯೇ ಮಾಡಿದರೆ ಫೋನ್ ಬೆರಳಿಗೆ ಸ್ಪಂದಿಸುವುದು ನಿಲ್ಲುತ್ತದೆ. ಹಿಂದೆ ಡಾರ್ಟ್ ಕೋಡ್ ಬೇರೆಯೇ ಥ್ರೆಡ್‌ನಲ್ಲಿ ನಡೆಯುತ್ತಿತ್ತು. 2025ರ ಆರಂಭದಲ್ಲಿ ಬಂದ ಫ್ಲಟರ್ 3.29ರಿಂದ ಆಂಡ್ರಾಯ್ಡ್ ಮತ್ತು ಐಒಎಸ್‌ನಲ್ಲಿ ಎರಡನ್ನೂ ಒಂದೇ ಥ್ರೆಡ್‌ಗೆ ಸೇರಿಸಲಾಗಿದೆ. ಹೀಗಾಗಿ ಹ್ಯಾಂಡ್ಲರ್ ತಡೆದರೆ ಡಾರ್ಟ್ ಕೋಡೂ ಅದರೊಡನೆ ಕಾಯುತ್ತದೆ.

ಭಾರದ ಕೆಲಸವನ್ನು ಕಾಟ್ಲಿನ್‌ನಲ್ಲಿ ಕೊರೂಟಿನ್ ಮೂಲಕ ಡಿಸ್ಪ್ಯಾಚರ್ಸ್ ಐಒಗೆ, ಸ್ವಿಫ್ಟ್‌ನಲ್ಲಿ ಗ್ಲೋಬಲ್ ಡಿಸ್ಪ್ಯಾಚ್‌ಕ್ಯೂಗೆ ಸಾಗಿಸಿ, ಉತ್ತರ ಕೊಡುವಾಗ ಮುಖ್ಯ ಥ್ರೆಡ್‌ಗೆ ಮರಳಬೇಕು. ಸಿಂಕ್‌ಗೆ ಬೇರೆ ಥ್ರೆಡ್‌ನಿಂದ ಹಾಕಿದರೆ ಆಂಡ್ರಾಯ್ಡ್‌ನಲ್ಲಿ ಯುಐಥ್ರೆಡ್ ಎಂದು ಗುರುತಿಸಿದ ಕೆಲಸ ಮುಖ್ಯ ಥ್ರೆಡ್‌ನಲ್ಲೇ ನಡೆಯಬೇಕೆಂಬ ದೋಷ ಏಳುತ್ತದೆ. ಇಡೀ ಹ್ಯಾಂಡ್ಲರ್ ಹಿನ್ನೆಲೆಯಲ್ಲಿ ನಡೆಯಬೇಕಾದರೆ ಚಾನೆಲ್ ರಚಿಸುವಾಗಲೇ ಟಾಸ್ಕ್‌ಕ್ಯೂ ಕೊಡುವ ವ್ಯವಸ್ಥೆಯೂ ಇದೆ.

ಮಾಹಿತಿಯ ಗಾತ್ರವನ್ನೂ ನೋಡಬೇಕು. ಚಾನೆಲ್ ದಾಟುವಾಗ ಎಲ್ಲವೂ ಬೈಟ್‌ಗಳಾಗಿ ನಕಲಾಗುತ್ತವೆ. 4000 ಅಗಲ, 3000 ಎತ್ತರದ ಫೋಟೊವನ್ನು ಸಂಕುಚಿಸದೆ ಪಿಕ್ಸೆಲ್‌ಗೆ 4 ಬೈಟ್‌ನಂತೆ ಕಳುಹಿಸಿದರೆ ಅದು 48 ಎಂಬಿ. ಚಿತ್ರವನ್ನು ಕಡತದಲ್ಲಿ ಉಳಿಸಿ ಅದರ ವಿಳಾಸವನ್ನಷ್ಟೇ ಕಳುಹಿಸುವುದು ಸರಿಯಾದ ಕ್ರಮ; ಕ್ಯಾಮೆರಾದ ನೇರ ದೃಶ್ಯಕ್ಕಾದರೆ ಟೆಕ್ಸ್ಚರ್ ವಿಜೆಟ್ ಇದೆ.

ಪರೀಕ್ಷಿಸುವುದು

ಫೋನನ್ನು ಬಿಸಿಲಿನಲ್ಲಿಟ್ಟು ಕಾಯುವ ಅಗತ್ಯವಿಲ್ಲ. ಆಂಡ್ರಾಯ್ಡ್ ಫೋನನ್ನು ಕಂಪ್ಯೂಟರಿಗೆ ಜೋಡಿಸಿ, ಅಲ್ಲಿಂದ ಫೋನಿಗೆ ಆದೇಶ ಕೊಡುವ ‘ಎಡಿಬಿ ಶೆಲ್’ನಲ್ಲಿ ಸಿಎಂಡಿ ಎಂಬ ಆದೇಶಕ್ಕೆ ಥರ್ಮಲ್‌ಸರ್ವಿಸ್, ಓವರ್‌ರೈಡ್-ಸ್ಟೇಟಸ್, 3 ಎಂದು ಕ್ರಮವಾಗಿ ಕೊಟ್ಟರೆ ಫೋನ್ ತಾನು ಸಿವಿಯರ್ ಸ್ಥಿತಿಯಲ್ಲಿದ್ದೇನೆಂದು ಎಲ್ಲ ಆ್ಯಪ್‌ಗಳಿಗೂ ಸಾರುತ್ತದೆ. ಮುಗಿದ ಮೇಲೆ ಓವರ್‌ರೈಡ್-ಸ್ಟೇಟಸ್, 3 ಎಂಬೆರಡರ ಬದಲು ರೀಸೆಟ್ ಎಂದಷ್ಟೇ ಕೊಡಲು ಮರೆಯಬಾರದು. ಐಫೋನ್‌ಗೆ ಎಕ್ಸ್‌ಕೋಡ್‌ನ ಡಿವೈಸಸ್ ಕಿಟಕಿಯಲ್ಲಿ ಡಿವೈಸ್ ಕಂಡಿಶನ್ಸ್ ಎಂಬಲ್ಲಿ ಥರ್ಮಲ್ ಸ್ಥಿತಿಯನ್ನು ಆರಿಸುವ ಸೌಲಭ್ಯವಿದೆ; ಇದಕ್ಕೆ ನಿಜವಾದ ಫೋನೇ ಬೇಕು.

ಡಾರ್ಟ್ ಕಡೆಯ ಯೂನಿಟ್ ಟೆಸ್ಟ್‌ಗೆ ಫೋನೂ ಬೇಡ. ಟೆಸ್ಟ್ ಬೈಂಡಿಂಗ್‌ನ ಮೆಸೆಂಜರ್‌ಗೆ ಸೆಟ್‌ಮಾಕ್‌ಮೆಥಡ್‌ಕಾಲ್‌ಹ್ಯಾಂಡ್ಲರ್ ಮೂಲಕ ನಕಲಿ ಉತ್ತರ ಕೊಟ್ಟು, ಐದು ಪದಗಳು, ನಲ್, ಗುರುತಿಲ್ಲದ ಪದ, ಎರಡು ಬಗೆಯ ದೋಷ ಇಷ್ಟನ್ನೂ ಪರೀಕ್ಷಿಸಬೇಕು. ನೇಟಿವ್ ಕೋಡ್ ಬದಲಿಸಿದಾಗ ಹಾಟ್ ರೀಲೋಡ್ ಆಗಲಿ ಹಾಟ್ ರೀಸ್ಟಾರ್ಟ್ ಆಗಲಿ ಸಾಲದು. ಆ್ಯಪನ್ನು ನಿಲ್ಲಿಸಿ ಮತ್ತೆ ಬಿಲ್ಡ್ ಮಾಡಿಯೇ ನಡೆಸಬೇಕು.

ಕೆಲಸ ಬೆಳೆದಾಗ

ಕರೆಗಳು ನಾಲ್ಕೈದಕ್ಕೆ ಏರಿದರೆ ಹೆಸರು ಮತ್ತು ಬಗೆಗಳನ್ನು ಮೂರು ಭಾಷೆಗಳಲ್ಲಿ ಕೈಯಾರೆ ಹೊಂದಿಸುವುದು ಬೇಸರದ ಕೆಲಸ. ಫ್ಲಟರ್ ತಂಡದ್ದೇ ಆದ ಪಿಜನ್ ಎಂಬ ಪ್ಯಾಕೇಜ್ ಆಗ ನೆರವಿಗೆ ಬರುತ್ತದೆ. ಒಂದು ಡಾರ್ಟ್ ಕಡತದಲ್ಲಿ ಹೋಸ್ಟ್‌ಎಪಿಐ ಎಂಬ ಗುರುತಿನೊಡನೆ ಒಪ್ಪಂದ ಬರೆದರೆ, ಅದಕ್ಕೆ ಹೊಂದುವ ಡಾರ್ಟ್, ಕಾಟ್ಲಿನ್, ಸ್ವಿಫ್ಟ್ ಕೋಡನ್ನು ಅದೇ ತಯಾರಿಸುತ್ತದೆ. ಫಂಕ್ಷನ್ ಬರೆಯದೆ ಬಿಟ್ಟರೆ ಕಂಪೈಲರ್ ಅಲ್ಲಿಯೇ ತಡೆಯುತ್ತದೆ. ಒಂದೇ ಕರೆಯ ಸಣ್ಣ ಆ್ಯಪ್‌ಗೂ ಪಿಜನ್ ಬಳಸಬಹುದು, ಆದರೆ ಮೊದಲ ಸಲ ಕೈಯಿಂದಲೇ ಬರೆದು ನೋಡಿದವರಿಗೆ ಅದು ತಯಾರಿಸಿದ ಕೋಡ್ ಸಲೀಸಾಗಿ ಅರ್ಥವಾಗುತ್ತದೆ.

ಕರೆಯಬೇಕಾದ ಕೋಡ್ ಸಿ ಭಾಷೆಯಲ್ಲಿದ್ದರೆ ಚಾನೆಲ್ ಬೇಕಿಲ್ಲ. 2021ರ ಡಾರ್ಟ್ 2.12ರಿಂದ ಸ್ಥಿರಗೊಂಡ ಎಫ್‌ಎಫ್‌ಐ (ಬೇರೆ ಭಾಷೆಯ ಫಂಕ್ಷನ್ ಕರೆಯುವ ಸೌಲಭ್ಯ) ಮೂಲಕ ಡಾರ್ಟ್‌ನಿಂದ ನೇರವಾಗಿ ಕರೆಯಬಹುದು, ಉತ್ತರವೂ ಕೂಡಲೇ ಬರುತ್ತದೆ. ಜಾವಾ ಮತ್ತು ಕಾಟ್ಲಿನ್‌ಗೆ ಜೆಎನ್‌ಐಜೆನ್ ಎಂಬ ಸಾಧನವಿದೆ. ಅದನ್ನು ಬಳಸುವಾಗ, ಕಾಟ್ಲಿನ್ ಕಡೆಯಿಂದ ಯಾರೂ ಕರೆಯದ ಕ್ಲಾಸ್‌ಗಳನ್ನು ಆರ್8 ಎಂಬ ಕೋಡ್ ಕುಗ್ಗಿಸುವ ಸಾಧನ ರಿಲೀಸ್ ಬಿಲ್ಡ್‌ನಲ್ಲಿ ಕಿತ್ತುಹಾಕದಂತೆ ಕೀಪ್ ನಿಯಮ ಬರೆಯಬೇಕು. ಫ್ಲಟರ್‌ನಂಥದೇ ಇನ್ನೊಂದು ಸಾಧನವಾದ ರಿಯಾಕ್ಟ್ ನೇಟಿವ್ ಬಳಸುವವರಿಗೆ ಟರ್ಬೊ ಮಾಡ್ಯೂಲ್ ಇದೆ: ಟೈಪ್‌ಸ್ಕ್ರಿಪ್ಟ್‌ನಲ್ಲಿ ಒಪ್ಪಂದ ಬರೆದರೆ ಕೋಡ್‌ಜೆನ್ ಉಳಿದದ್ದನ್ನು ತಯಾರಿಸುತ್ತದೆ, 2024ರ 0.76 ಆವೃತ್ತಿಯಿಂದ ಈ ಹೊಸ ವಿನ್ಯಾಸವೇ ಅಲ್ಲಿ ಸಹಜ ಆಯ್ಕೆ. ಮೇಲಿನ ಐದು ಹಂತಗಳ ಒಪ್ಪಂದವನ್ನು ಅಲ್ಲಿಗೂ ಹಾಗೆಯೇ ಒಯ್ಯಬಹುದು.

ಇದೇ ಕೋಡ್ ಎರಡನೆಯ ಆ್ಯಪ್‌ಗೂ ಬೇಕಾದಾಗ ಮೇನ್‌ಆ್ಯಕ್ಟಿವಿಟಿ ಮತ್ತು ಆ್ಯಪ್‌ಡೆಲಿಗೇಟ್‌ನಿಂದ ಅದನ್ನು ಹೊರತೆಗೆದು, ಫ್ಲಟರ್ ಕ್ರಿಯೇಟ್ ಆದೇಶಕ್ಕೆ ಪ್ಲಗಿನ್ ಟೆಂಪ್ಲೇಟ್ ಹೇಳಿ ಪ್ರತ್ಯೇಕ ಪ್ಲಗಿನ್ ಮಾಡಬೇಕು. ಆಗ ಆಂಡ್ರಾಯ್ಡ್‌ನಲ್ಲಿ ಆನ್‌ಅಟ್ಯಾಚ್ಡ್‌ಟುಎಂಜಿನ್‌ನಲ್ಲಿ ಚಾನೆಲ್ ತೆರೆದು, ಆನ್‌ಡಿಟ್ಯಾಚ್ಡ್‌ಫ್ರಮ್‌ಎಂಜಿನ್‌ನಲ್ಲಿ ಹ್ಯಾಂಡ್ಲರ್‌ಗೆ ನಲ್ ಕೊಟ್ಟು, ಥರ್ಮಲ್ ಲಿಸನರ್ ಇನ್ನೂ ಉಳಿದಿದ್ದರೆ ಅದನ್ನೂ ತೆಗೆದುಹಾಕಬೇಕು. ಎಂಜಿನ್ ಕೆಲವೊಮ್ಮೆ ಆ್ಯಕ್ಟಿವಿಟಿಗಿಂತ ಹೆಚ್ಚು ಕಾಲ ಬದುಕುವುದರಿಂದ ಪವರ್‌ಮ್ಯಾನೇಜರ್ ಪಡೆಯಲು ಆ್ಯಕ್ಟಿವಿಟಿಯನ್ನು ಹಿಡಿದಿಟ್ಟುಕೊಳ್ಳದೆ ಅಪ್ಲಿಕೇಶನ್ ಕಾಂಟೆಕ್ಸ್ಟನ್ನೇ ಬಳಸಬೇಕು.